ಮಾರ್ತೀನಾ ಎಂಬ ಜಿರಲೆಯೂ ಮಕ್ಕಳ ಸ್ಪ್ಯಾನಿಷ್ ಪಾಠವೂ

ಕ್ಯಾಲಿಫೋರ್ನಿಯಾದಲ್ಲಿ ಕನ್ನಡಿಗರ ಮನೆಯೊಂದರ ಊಟದ ಹೊತ್ತಿನಲ್ಲಿ ಕೇಳಿದ ಮಾತು ಇದು. ಮಗಳನ್ನು ಎರಡೂವರೆ ವರ್ಷಕ್ಕೇ ಸ್ಪ್ಯಾನಿಷ್ ಪ್ರೀಸ್ಕೂಲಿಗೆ ಸೇರಿಸಿದ್ದ ತಂದೆಯೊಬ್ಬರು ಹೇಳುತ್ತಿದ್ದರು: "ಈಗಲೇ ಹಾಕಿಬಿಡ್ಬೇಕು. ಐದು ವರ್ಷ ದಾಟಿತು ಅಂದ್ರೆ ಮೆದುಳು ಗಟ್ಟಿಯಾಗ್ಬಿಡುತ್ತೆ. ಸ್ಪ್ಯಾನಿಷ್ ಬಂದ್ರೆ ಮುಂದೆ ಕಾಲೇಜ್ ಅಡ್ಮಿಷನ್ನಿಗೂ ಆಗುತ್ತೆ, ಕೆಲಸಕ್ಕೂ ಆಗುತ್ತೆ. ಕನ್ನಡ ಕಲ್ತು ಏನ್ ಮಾಡ್ಬೇಕು ಹೇಳಿ?" ಕೂತವರಲ್ಲಿ ಹೆಚ್ಚಿನವರು ಹೌದೆಂದು ತಲೆಯಾಡಿಸಿದರು. ಆ ತಂದೆ ಕೆಟ್ಟವರಲ್ಲ, ಮಗಳ ಒಳಿತನ್ನೇ ಬಯಸುವವರು. ಅಮೆರಿಕದ ಮಧ್ಯಮ ವರ್ಗ, ಅದು ಯಾವ ಬಣ್ಣದ್ದೇ ಇರಲಿ, ಯಾವ ದೇಶದಿಂದಲೇ ಬಂದಿರಲಿ, ಇವತ್ತು ಸ್ಪ್ಯಾನಿಷ್ ಬಗ್ಗೆ ನಂಬಿರುವುದನ್ನೇ ಅವರು ಕನ್ನಡದಲ್ಲಿ ಹೇಳಿದರು, ಅಷ್ಟೆ.

ಚಿಕ್ಕ ಮಕ್ಕಳಿಗೆ ಸ್ಪ್ಯಾನಿಷ್ ಕಲಿಸಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಯಾಕೆ ಕಲಿಸುತ್ತೇವೆ ಎಂಬುದೇ ಹೇಗೆ ಕಲಿಸುತ್ತೇವೆ ಎಂಬುದನ್ನೂ ತೀರ್ಮಾನಿಸುತ್ತದೆ. 2020ರ ಜನಗಣತಿಯ ಪ್ರಕಾರ ಅಮೆರಿಕದಲ್ಲಿ ಆರು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಹಿಸ್ಪಾನಿಕ್ ಜನರಿದ್ದಾರೆ, ಹೆಚ್ಚುಕಡಿಮೆ ಐವರಲ್ಲಿ ಒಬ್ಬರು. ಒಂದು ಮಗು ಅವರ ಭಾಷೆ ಕಲಿಯುವುದಕ್ಕೆ ಇರುವ ಒಳ್ಳೆಯ ಕಾರಣ ಒಂದೇ: ಆ ಮಗು ಅವರ ನಡುವೆ ಬದುಕುತ್ತದೆ. ಅವರ ಮಕ್ಕಳೊಂದಿಗೆ ಆಡಿ, ಅವರ ಅಜ್ಜಿಯರ ಕಥೆ ಕೇಳಿ, ಅವರ ಸಂಕಟವನ್ನೂ ಒಂದಿಷ್ಟು ತಿಳಿದು ಬೆಳೆಯಬೇಕಾದ ಮಗು ಅದು. ಈ ಕಾರಣವನ್ನು ಕೈಬಿಟ್ಟು ಮೆದುಳು, ಅಡ್ಮಿಷನ್, ಸಂಬಳ ಎಂದು ಹೊರಟರೆ, ಮಗುವಿನ ಬಾಯಿಗೆ ನೂರು ಪದ ಬರುತ್ತವೆ, ಆದರೆ ಆ ಪದಗಳನ್ನು ಆಡುವ ಮನುಷ್ಯರು ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಎರಡು ಭಾಷೆ ಕೊಟ್ಟರೆ ಮಗು ಗೊಂದಲಕ್ಕೆ ಬೀಳುತ್ತದೆ ಎನ್ನುವವರಿಗೆ ಉತ್ತರ ಕೊಡುವ ಅಗತ್ಯವಿಲ್ಲ. ಧಾರವಾಡದ ಯಾವುದೇ ಓಣಿಯಲ್ಲಿ ಅರ್ಧ ಗಂಟೆ ನಿಂತು ಮಕ್ಕಳ ಮಾತು ಕೇಳಿದರೆ ಸಾಕು.

ಮೆದುಳಿನ ವಾದವನ್ನು ಮಾತ್ರ ಸ್ವಲ್ಪ ಬಿಡಿಸಿ ನೋಡಬೇಕು. ಏಕೆಂದರೆ ಅದು ವಿಜ್ಞಾನದ ವೇಷದಲ್ಲಿ ಬಂದು ತಂದೆತಾಯಿಯರನ್ನು ಹೆದರಿಸುತ್ತದೆ. ಎರಡು ಭಾಷೆ ಬಲ್ಲವರ ಗಮನಶಕ್ತಿ ಚುರುಕಾಗಿರುತ್ತದೆ ಎಂಬ ವಿಚಾರವನ್ನು ಕೆನಡಾದ ಎಲೆನ್ ಬಿಯಾಲಿಸ್ಟಾಕ್ ಮತ್ತು ಅವರ ಸಂಗಡಿಗರು ವರ್ಷಗಟ್ಟಲೆ ಅಧ್ಯಯನ ಮಾಡಿ ಮುಂದಿಟ್ಟರು. ಅದು ಗಂಭೀರವಾದ ಕೆಲಸ. ಆಮೇಲೆ ಬೇರೆಯವರು ಅದೇ ಪ್ರಯೋಗಗಳನ್ನು ಮತ್ತೆ ಮಾಡಿದಾಗ ಅದೇ ಫಲ ಎಲ್ಲ ಕಡೆ ಸಿಗಲಿಲ್ಲ. 2015ರಲ್ಲಿ ಏಂಜೆಲಾ ದೆ ಬ್ರೌನ್ ಮತ್ತು ಜೊತೆಗಾರರು ಇನ್ನೊಂದು ಸಂಗತಿಯನ್ನು ತೋರಿಸಿದರು: ಈ ಲಾಭವನ್ನು ಎತ್ತಿಹಿಡಿಯುವ ಅಧ್ಯಯನಗಳು ಪತ್ರಿಕೆಗಳಲ್ಲಿ ಅಚ್ಚಾಗುವುದು ಹೆಚ್ಚು, ಲಾಭ ಕಾಣದ ಅಧ್ಯಯನಗಳು ಅಚ್ಚಾಗುವುದು ಕಡಿಮೆ. ಅಂದರೆ ಈ ವಿಷಯ ಇನ್ನೂ ಚರ್ಚೆಯಲ್ಲಿದೆ. ಚರ್ಚೆಯಲ್ಲಿರುವುದನ್ನು ಪ್ರೀಸ್ಕೂಲಿನ ಜಾಹೀರಾತು ತೀರ್ಪಿನಂತೆ ಅಚ್ಚುಹಾಕಿಸುತ್ತದೆ.

ಬಾಗಿಲು ಮುಚ್ಚಿಹೋಗುತ್ತದೆ ಎಂಬ ಭಯಕ್ಕೆ ಸ್ಪೇನಿನಿಂದಲೇ ಉತ್ತರವಿದೆ. ಆ ದೇಶದ ಶಿಕ್ಷಣ ಕಾನೂನು ಬದಲಾಗಿ ಶಾಲೆಯಲ್ಲಿ ಇಂಗ್ಲಿಷ್ ಪಾಠ ಶುರುವಾಗುವ ವಯಸ್ಸು ಹನ್ನೊಂದರಿಂದ ಎಂಟಕ್ಕೆ ಇಳಿಯಿತು. ಬಾರ್ಸಿಲೋನಾ ವಿಶ್ವವಿದ್ಯಾಲಯದ ಕಾರ್ಮೆನ್ ಮುನ್ಯೋಸ್ ಮತ್ತು ಅವರ ತಂಡ ಈ ಎರಡೂ ಬಗೆಯ ಮಕ್ಕಳನ್ನು ವರ್ಷಗಳ ಕಾಲ ಹಿಂಬಾಲಿಸಿತು. ಅಷ್ಟೇ ಗಂಟೆಗಳ ಪಾಠವಾದ ಮೇಲೆ ಹೋಲಿಸಿ ನೋಡಿದರೆ ತಡವಾಗಿ ಶುರುಮಾಡಿದ ಮಕ್ಕಳೇ ಮುಂದಿದ್ದರು. ವಾರಕ್ಕೆ ಕೆಲವೇ ಗಂಟೆಯ ಪಾಠ ಎಳೆಯ ವಯಸ್ಸಿನ ವರವನ್ನು ಹೊರತೆಗೆಯಲಾರದು. ಆ ವರ ಫಲಿಸಬೇಕಾದರೆ ಮಗು ಆ ಭಾಷೆಯಲ್ಲಿ ದಿನದ ದೊಡ್ಡ ಭಾಗವನ್ನೇ ಕಳೆಯಬೇಕು.

ಕಳೆಯಬೇಕಾದದ್ದು ಮನುಷ್ಯರ ಜೊತೆ. 2003ರಲ್ಲಿ ಪ್ರಕಟವಾದ ಪೆಟ್ರಿಷಿಯಾ ಕೂಲ್ ಅವರ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಸಿಯಾಟಲ್‌ನಲ್ಲಿ ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಹಸುಗೂಸುಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿನ ಎದುರು ಚೀನೀ ಭಾಷೆಯವರು ಕೂತು ಆಟಿಕೆ ಹಿಡಿದು ಆಡಿಸುತ್ತ ಮಾತಾಡಿದರು. ಎರಡನೆಯ ಗುಂಪಿಗೆ ಅದೇ ಜನ, ಅದೇ ಮಾತು, ಆದರೆ ಟಿವಿಯಲ್ಲಿ. ಮೂರನೆಯದಕ್ಕೆ ಬರೀ ಧ್ವನಿ. ಚೀನೀ ಧ್ವನಿಗಳನ್ನು ಬೇರೆ ಬೇರೆಯಾಗಿ ಗುರುತಿಸಲು ಕಲಿತದ್ದು ಮೊದಲ ಗುಂಪು ಒಂದೇ. ಉಳಿದೆರಡು ಗುಂಪುಗಳಿಗೂ ಚೀನೀ ಮಾತನ್ನೇ ಕೇಳಿಸಿಕೊಳ್ಳದ ಮಕ್ಕಳಿಗೂ ವ್ಯತ್ಯಾಸ ಕಾಣಲಿಲ್ಲ. ಟ್ಯಾಬ್ಲೆಟ್ಟಿನಲ್ಲಿ ಬಣ್ಣದ ಹೆಸರು ಹಾಡುವ ಕಾರ್ಟೂನ್ ಹಾಕಿಕೊಟ್ಟು ಮಗುವಿಗೆ ಸ್ಪ್ಯಾನಿಷ್ ಬರುತ್ತದೆ ಎಂದು ನೆಮ್ಮದಿಯಾಗಿರುವವರು ಈ ಪ್ರಯೋಗವನ್ನು ಒಮ್ಮೆ ನೆನೆಯಬೇಕು.

ಬೇಗ ಶುರುಮಾಡಬೇಕೆನ್ನುವವರ ಪರವಾಗಿ ಒಂದು ಮಾತು ಖಂಡಿತ ಇದೆ, ಅದನ್ನು ನಾನು ಒಪ್ಪುತ್ತೇನೆ. ಉಚ್ಚಾರಣೆ ಎಳೆಯ ನಾಲಿಗೆಗೆ ಒಲಿಯುವಂತೆ ಬೆಳೆದ ನಾಲಿಗೆಗೆ ಒಲಿಯುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ನಾಲ್ಕು ವರ್ಷದ ಮಗುವಿಗೆ ನಾಚಿಕೆಯಿಲ್ಲ. ತಪ್ಪು ಮಾತಾಡಿದರೆ ನಗುತ್ತಾರೆ ಎಂಬ ಅಳುಕು ಹದಿಮೂರರ ಹುಡುಗನ ಬಾಯಿ ಕಟ್ಟುತ್ತದೆ. ನಾಲ್ಕರ ಮಗು ಆ ಅಳುಕಿಗೆ ಮೊದಲೇ ಹತ್ತು ಜನರ ಗೆಳೆತನ ಮಾಡಿಕೊಂಡಿರುತ್ತದೆ. ಬೇಗ ಶುರುಮಾಡುವುದಕ್ಕೆ ಇದಕ್ಕಿಂತ ದೊಡ್ಡ ಸಮರ್ಥನೆ ನನಗೆ ಕಂಡಿಲ್ಲ. ಆದರೆ ನೋಡಿ, ಇದು ಕೂಡ ಗೆಳೆತನದ ವಾದವೇ.

ಇನ್ನು ಸಂಸ್ಕೃತಿಯ ಪರಿಚಯ. ಅಮೆರಿಕದ ಶಾಲೆಗಳಲ್ಲಿ ಇದಕ್ಕೊಂದು ಕ್ಯಾಲೆಂಡರ್ ಇದೆ. 1968ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಕಾಲದಲ್ಲಿ ಒಂದು ವಾರವಾಗಿ ಶುರುವಾಗಿ, 1988ರಲ್ಲಿ ತಿಂಗಳಾಗಿ ಹಿಗ್ಗಿದ ಹಿಸ್ಪಾನಿಕ್ ಪರಂಪರೆಯ ಆಚರಣೆ ಪ್ರತಿ ಸೆಪ್ಟೆಂಬರ್ 15ಕ್ಕೆ ಆರಂಭವಾಗುತ್ತದೆ. ಗ್ವಾಟೆಮಾಲಾ, ಹೊಂಡುರಾಸ್, ಎಲ್ ಸಾಲ್ವಡಾರ್, ನಿಕರಾಗುವಾ, ಕೋಸ್ಟರಿಕಾ ದೇಶಗಳು 1821ರಲ್ಲಿ ಸ್ವತಂತ್ರವಾದ ದಿನ ಅದು. ಮರುದಿನ ಮೆಕ್ಸಿಕೊದ್ದು, 18ಕ್ಕೆ ಚಿಲಿಯದ್ದು. ದಿನಾಂಕವನ್ನು ಯೋಚಿಸಿಯೇ ಆರಿಸಿದ್ದಾರೆ. ಆದರೆ ತರಗತಿಯಲ್ಲಿ ಮಗು ನೋಡುವುದು ಅಗಲ ಅಂಚಿನ ಕಾಗದದ ಟೋಪಿ, ಕೋಲಿನಿಂದ ಹೊಡೆದು ಮಿಠಾಯಿ ಉದುರಿಸುವ ಪಿನ್ಯಾಟಾ, ಒಂದು ತಟ್ಟೆ ಟ್ಯಾಕೊ. ಇಪ್ಪತ್ತು ದೇಶಗಳ ಬದುಕು ಇಷ್ಟರಲ್ಲಿ ಮುಗಿಯುತ್ತದೆ.

ಇದನ್ನು ಮಾಡುವ ಟೀಚರುಗಳನ್ನು ನಾನು ದೂರುವುದಿಲ್ಲ. ನಾಲ್ಕು ವರ್ಷದ ಮಗುವಿಗೆ ಕಣ್ಣಿಗೆ ಕಾಣುವ, ಕೈಗೆ ಸಿಗುವ, ಬಾಯಿಗೆ ರುಚಿಸುವ ವಸ್ತುವಿನಿಂದಲೇ ಶುರುಮಾಡಬೇಕು ಎಂಬ ಅವರ ಮಾತು ಸರಿ. ನನ್ನ ತಕರಾರು ಅಲ್ಲಿಗೇ ನಿಂತುಬಿಡುವುದರ ಬಗ್ಗೆ. ಮೇ 5ರ ಸಿಂಕೊ ದೆ ಮಾಯೊ ಹಬ್ಬವನ್ನೇ ತೆಗೆದುಕೊಳ್ಳಿ. ಅದು ಮೆಕ್ಸಿಕೊದ ಸ್ವಾತಂತ್ರ್ಯ ದಿನ ಎಂದು ಎಷ್ಟೋ ಜನ ತಿಳಿದಿದ್ದಾರೆ. 1862ರಲ್ಲಿ ಪ್ವೆಬ್ಲಾ ಊರಿನ ಹತ್ತಿರ ಮೆಕ್ಸಿಕೊದ ಬಡ ಸೈನ್ಯ, ಜನರಲ್ ಇಗ್ನಾಸಿಯೊ ಸರಗೋಸಾ ನೇತೃತ್ವದಲ್ಲಿ, ಫ್ರೆಂಚ್ ಚಕ್ರವರ್ತಿಯ ಸೈನ್ಯವನ್ನು ಹಿಮ್ಮೆಟ್ಟಿಸಿದ ದಿನ ಅದು. ಅಮೆರಿಕದಲ್ಲಿ ಆಗ ಗುಲಾಮಗಿರಿಯ ಪ್ರಶ್ನೆಯ ಮೇಲೆ ಅಂತರ್ಯುದ್ಧ ನಡೆಯುತ್ತಿತ್ತು. ಕ್ಯಾಲಿಫೋರ್ನಿಯಾದ ಸ್ಪ್ಯಾನಿಷ್ ಆಡುವ ಜನ ಈ ಎರಡು ಯುದ್ಧಗಳನ್ನು ಒಂದೇ ಹೋರಾಟವೆಂದು ಕಂಡು, ಪ್ವೆಬ್ಲಾದ ಸುದ್ದಿ ಬಂದಾಗ ಮೆರವಣಿಗೆ ತೆಗೆದರು. ಚಿಕ್ಕ ಸೈನ್ಯ ದೊಡ್ಡ ಸೈನ್ಯವನ್ನು ಓಡಿಸಿತು ಎಂಬ ಕಥೆ ಯಾವ ಮಗುವಿಗೆ ಬೇಡ? ಕಥೆಯನ್ನು ಬಿಟ್ಟು ಟೋಪಿಯನ್ನು ಮಾತ್ರ ಇಟ್ಟುಕೊಂಡರೆ ಕೊನೆಗೆ ಮಗುವಿಗೆ ಉಳಿಯುವುದು, ಈ ಜನ ಟೋಪಿ ಹಾಕಿಕೊಂಡು ಕುಣಿಯುವವರು ಎಂಬ ನೆನಪು. ದೊಡ್ಡವನಾದ ಮೇಲೆ ಅದೇ ನೆನಪು ತಿರಸ್ಕಾರವಾಗಲು ಹೆಚ್ಚು ಹೊತ್ತು ಬೇಕಿಲ್ಲ.

ಹಾಗಾದರೆ ಯಾವ ದಾರಿ? ನನ್ನ ಮಟ್ಟಿಗೆ ಅದನ್ನು ತೋರಿಸಿಕೊಟ್ಟವರು ಪೂರಾ ಬೆಲ್ಪ್ರೆ. ಪೋರ್ಟೊ ರಿಕೊ ದ್ವೀಪದ ಸೀದ್ರಾ ಎಂಬ ಊರಿನವರು. ಆ ದ್ವೀಪದ ಜನರಿಗೆ 1917ರಲ್ಲಿ ಅಮೆರಿಕದ ಪೌರತ್ವ ಸಿಕ್ಕಿತ್ತು. ಕೆಲಸ ಹುಡುಕಿಕೊಂಡು ನ್ಯೂಯಾರ್ಕಿಗೆ ಬರುವವರ ಸಂಖ್ಯೆ ಏರುತ್ತಿತ್ತು. ಸೋದರಿಯ ಮದುವೆಗೆಂದು ಬಂದ ಬೆಲ್ಪ್ರೆ ಅಲ್ಲೇ ಉಳಿದರು. 1921ರಲ್ಲಿ ಹಾರ್ಲೆಮ್‌ನ 135ನೇ ಬೀದಿಯ ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದರು. ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಕೆಲಸ ಮಾಡಿದ ಮೊದಲ ಪೋರ್ಟೊ ರಿಕನ್ ಅವರೇ. ಮಕ್ಕಳ ವಿಭಾಗದ ಕಪಾಟುಗಳಲ್ಲಿ ಯಾವ ಯಾವುದೋ ದೇಶಗಳ ಜನಪದ ಕಥೆಗಳು ಸಾಲಾಗಿ ನಿಂತಿದ್ದವು. ತಮ್ಮ ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಒಂದೂ ಅಲ್ಲಿರಲಿಲ್ಲ. ಬೆಲ್ಪ್ರೆ ಆ ಖಾಲಿ ಜಾಗವನ್ನು ನೋಡಿದರು, ಅದನ್ನು ತುಂಬುವುದಕ್ಕೇ ಬದುಕನ್ನು ಮುಡಿಪಾಗಿಟ್ಟರು.

ಅವರು ಹೇಳಿದ ಮೊದಲ ಕಥೆ ಒಂದು ಜಿರಲೆಯದು. ಮಾರ್ತೀನಾ ಎಂಬ ಚೆಲುವೆ ಜಿರಲೆ ಅಲಂಕಾರ ಮಾಡಿಕೊಂಡು ಮನೆಯ ಮುಂದೆ ಕೂರುತ್ತಾಳೆ. ಬೆಕ್ಕು ಬರುತ್ತದೆ, ಹುಂಜ ಬರುತ್ತದೆ, ಬಾತುಕೋಳಿ ಬರುತ್ತದೆ, ನನ್ನನ್ನು ಮದುವೆಯಾಗು ಎನ್ನುತ್ತವೆ. ಮದುವೆಯಾದ ಮೇಲೆ ನನ್ನ ಜೊತೆ ಹೇಗೆ ಮಾತಾಡುತ್ತೀ ಎಂದು ಅವಳು ಒಬ್ಬೊಬ್ಬರನ್ನೂ ಕೇಳುತ್ತಾಳೆ. ಒಬ್ಬೊಬ್ಬರ ದನಿಗೂ ಬೆಚ್ಚಿಬಿದ್ದು ಒಲ್ಲೆ ಎನ್ನುತ್ತಾಳೆ. ಕೊನೆಗೆ ಇಂಪಾಗಿ, ಮೆಲ್ಲಗೆ ಮಾತಾಡುವ ಇಲಿ ಪೆರೆಸ್‌ನನ್ನು ಒಪ್ಪುತ್ತಾಳೆ. ಮದುವೆಯೂ ಆಗುತ್ತದೆ. ಹಬ್ಬಕ್ಕೆಂದು ಅವಳು ಅಕ್ಕಿಯ ಸಿಹಿ ಅಡುಗೆ ಮಾಡಿ ಒಲೆಯ ಮೇಲಿಟ್ಟು ಹೋದಾಗ, ಬಾಯಿಚಪಲ ತಡೆಯಲಾರದೆ ಪೆರೆಸ್ ಕಡಾಯಿಯೊಳಗೆ ಇಣುಕಿ, ಜಾರಿ ಬಿದ್ದು ಸಾಯುತ್ತಾನೆ. ಮಾರ್ತೀನಾ ಅವನಿಗಾಗಿ ಅಳುತ್ತ ಹಾಡುತ್ತಾಳೆ. ಅಲ್ಲಿಗೆ ಕಥೆ ಮುಗಿಯುತ್ತದೆ. ಸತ್ತ ಇಲಿ ಎದ್ದು ಬರುವುದಿಲ್ಲ.

ಈ ಕಥೆಯನ್ನು 1932ರಲ್ಲಿ ಫ್ರೆಡರಿಕ್ ವಾರ್ನ್ ಎಂಬ ಪ್ರಕಾಶಕರು ಪುಸ್ತಕವಾಗಿ ತಂದರು, ಬೀಟ್ರಿಕ್ಸ್ ಪಾಟರ್ ಅವರ ಪೀಟರ್ ಮೊಲದ ಕಥೆಯನ್ನು ಅಚ್ಚುಹಾಕಿದವರೇ ಅವರು. ಆದರೆ ನನ್ನನ್ನು ಹಿಡಿದಿಡುವುದು ಈ ಕಥೆ ತಿರುಗಿದ ದಾರಿ. ಹತ್ತೊಂಬತ್ತನೆಯ ಶತಮಾನದ ಸ್ಪೇನಿನಲ್ಲಿ ಫೆರ್ನಾನ್ ಕಬಾಯೆರೊ ಎಂಬ ಕಾವ್ಯನಾಮದ ಲೇಖಕಿ ದಾಖಲಿಸಿದ ರೂಪದಲ್ಲಿ ಮದುವಣಗಿತ್ತಿ ಒಂದು ಇರುವೆ. ಇವತ್ತು ಸ್ಪೇನಿನ ಮಕ್ಕಳು ಓದುವ ರೂಪದಲ್ಲಿ ಅವಳು ಬಿಂಕದ ಹೆಣ್ಣಿಲಿ, ವರ ಬೆಕ್ಕು. ಕ್ಯೂಬಾದಲ್ಲೂ ಪೋರ್ಟೊ ರಿಕೊದಲ್ಲೂ ಜಿರಲೆ. ಇರಾನಿನ ಮಕ್ಕಳಿಗೂ ಒಬ್ಬಳು ಜಿರಲೆ ಚಿಕ್ಕಮ್ಮ ಗೊತ್ತು, ಅವಳ ಗಂಡನೂ ಇಲಿಯೇ, ಅವನೂ ಅಡುಗೆಯ ಪಾತ್ರೆಗೇ ಬೀಳುತ್ತಾನೆ. ಹಿಸ್ಪಾನಿಕ್ ಸಂಸ್ಕೃತಿ ಎಂಬುದು ಒಂದೇ ಬಣ್ಣದ ವಸ್ತುವಲ್ಲ ಎಂದು ದೊಡ್ಡವರಿಗೆ ಉಪನ್ಯಾಸ ಕೊಡಬೇಕಾಗುತ್ತದೆ. ಮಗುವಿಗೆ ಇರುವೆಯ ರೂಪ ಒಂದು ದಿನ, ಜಿರಲೆಯ ರೂಪ ಇನ್ನೊಂದು ದಿನ ಹೇಳಿದರೆ ಸಾಕು, ತಾನೇ ಕೇಳುತ್ತದೆ: ಅಲ್ಲಿ ಇರುವೆ, ಇಲ್ಲಿ ಯಾಕೆ ಜಿರಲೆ?

ಪೆರೆಸ್ ಎಂಬ ಇಲಿ ಇನ್ನೊಂದು ಕಡೆಯೂ ಬದುಕಿದ್ದಾನೆ. ಸ್ಪ್ಯಾನಿಷ್ ಆಡುವ ಎಷ್ಟೋ ದೇಶಗಳಲ್ಲಿ ಮಕ್ಕಳ ಹಾಲುಹಲ್ಲು ಬಿದ್ದರೆ ದಿಂಬಿನ ಕೆಳಗಿನಿಂದ ಅದನ್ನು ಒಯ್ದು ಕಾಣಿಕೆ ಇಟ್ಟುಹೋಗುವವನು ಅವನೇ. ಬಾಲಕನಾಗಿದ್ದ ಸ್ಪೇನಿನ ದೊರೆ ಹದಿಮೂರನೆಯ ಅಲ್ಫೊನ್ಸೊಗಾಗಿ ಲೂಯಿಸ್ ಕೊಲೋಮಾ ಎಂಬ ಪಾದ್ರಿ 1894ರಲ್ಲಿ ಬರೆದ ಕಥೆಯಲ್ಲಿ ಈ ಇಲಿಯ ಸಂಸಾರ ಮ್ಯಾಡ್ರಿಡ್‌ನ ಅರೆನಾಲ್ ಬೀದಿಯಲ್ಲಿದೆ. ಆ ಬೀದಿಯಲ್ಲಿ ಇವತ್ತೂ ಅವನ ಹೆಸರಿನ ಫಲಕವಿದೆ. ಬಿದ್ದ ಹಲ್ಲನ್ನು ಸಗಣಿಯಲ್ಲಿ ಸುತ್ತಿ ಹೆಂಚಿನ ಮೇಲೆ ಎಸೆಯುವ ರೂಢಿ ನಮ್ಮ ಕಡೆ ಇತ್ತು. ಕ್ಯಾಲಿಫೋರ್ನಿಯಾದಲ್ಲಿ ಹಲ್ಲು ಕಳೆದುಕೊಂಡ ಕನ್ನಡದ ಮಗು ಈ ಎರಡನ್ನೂ ತಿಳಿದರೆ ಅದರ ಕೈಯಲ್ಲಿ ಎರಡು ಊರುಗಳಿರುತ್ತವೆ.

ನಾನು ಹೋಗುವ ಸಾರ್ವಜನಿಕ ಗ್ರಂಥಾಲಯದಲ್ಲಿ ಶನಿವಾರ ಬೆಳಿಗ್ಗೆ ಎರಡು ಭಾಷೆಯಲ್ಲಿ ಕಥೆ ಹೇಳುತ್ತಾರೆ. ಒಮ್ಮೆ ಮಾರ್ತೀನಾಳ ಕಥೆ ನಡೆದಿತ್ತು. ಹುಂಜ ಬಂತು, ಹೇಗೆ ಕೂಗುತ್ತದೆ ಎಂದು ಕಥೆ ಹೇಳುವಾಕೆ ಕೇಳಿದರು. ಮಕ್ಕಳೆಲ್ಲ ಇಂಗ್ಲಿಷ್ ಹುಂಜದ ಹಾಗೆ ಕೂಗಿದರು. ಹಿಂದೆ ಗೋಡೆಗೆ ಒರಗಿ, ಅಷ್ಟು ಹೊತ್ತು ಬಾಯಿ ಬಿಡದೆ ಕೂತಿದ್ದ ಒಬ್ಬ ಹುಡುಗ ಎದ್ದು ನಿಂತು, ಹಾಗಲ್ಲ ಎಂದು ಹೇಳಿ, "ಕಿಕಿರಿಕಿ" ಎಂದು ಕೂಗಿದ. ಎಲ್ಲರೂ ಅವನ ಕಡೆ ತಿರುಗಿದರು. ಕಥೆ ಹೇಳುವಾಕೆ ನಗುತ್ತ, ಇನ್ನೊಂದು ಸಲ ಹೇಳಿಕೊಡು ಎಂದರು. ಅವನು ಹೇಳಿಕೊಟ್ಟ, ಇಪ್ಪತ್ತು ಮಕ್ಕಳು ಅವನ ಹಿಂದೆ ಕೂಗಿದರು. ಬಾತುಕೋಳಿಯ ಸರದಿ ಬಂದಾಗ ಯಾರೂ ಕಥೆ ಹೇಳುವಾಕೆಯ ಮುಖ ನೋಡಲಿಲ್ಲ, ಅವನ ಮುಖವನ್ನೇ ನೋಡಿದರು. ಮನೆಯ ಮಾತು ಆ ಹುಡುಗನಿಗೆ ಬಹುಶಃ ಮೊದಲ ಸಲ ತರಗತಿಯಂಥ ಒಂದು ಜಾಗದಲ್ಲಿ ಗೌರವ ತಂದುಕೊಟ್ಟಿತ್ತು. ಉಳಿದ ಮಕ್ಕಳಿಗೆ ಆ ಬೆಳಿಗ್ಗೆ ಸಿಕ್ಕ ಪಾಠವೂ ದೊಡ್ಡದೇ: ಸ್ಪ್ಯಾನಿಷ್ ಬಲ್ಲವನು ನಮಗಿಂತ ಹೆಚ್ಚು ಬಲ್ಲವನು.

ಈ ಪಾಠದ ಬೆಲೆ ತಿಳಿಯಬೇಕಾದರೆ ಟೆಕ್ಸಸ್ ರಾಜ್ಯದ ಪಶ್ಚಿಮದ ಬಯಲಿನಲ್ಲಿರುವ ಮಾರ್ಫಾ ಎಂಬ ಊರಿಗೆ ಹೋಗಬೇಕು. ಅಲ್ಲಿ ಬ್ಲ್ಯಾಕ್‌ವೆಲ್ ಶಾಲೆ ಎಂಬ ಮಣ್ಣಿಟ್ಟಿಗೆಯ ಕಟ್ಟಡವಿದೆ. 1909ರಿಂದ 1965ರವರೆಗೆ ಊರಿನ ಮೆಕ್ಸಿಕನ್ ಮನೆಗಳ ಮಕ್ಕಳನ್ನು ಬಿಳಿಯರ ಮಕ್ಕಳಿಂದ ಬೇರೆಮಾಡಿ ಓದಿಸುತ್ತಿದ್ದ ಶಾಲೆ. ಅಂಗಳದಲ್ಲಿ ಕೂಡ ಸ್ಪ್ಯಾನಿಷ್ ಆಡಿದರೆ ಏಟು ಬೀಳುತ್ತಿತ್ತು. 1954ರಲ್ಲಿ ಅಲ್ಲಿನ ಶಿಕ್ಷಕರು ಒಂದು ಸಮಾರಂಭ ಏರ್ಪಡಿಸಿದರು. ಇನ್ನು ಮುಂದೆ ಸ್ಪ್ಯಾನಿಷ್ ಆಡುವುದಿಲ್ಲ ಎಂದು ಮಕ್ಕಳಿಂದ ಚೀಟಿಗಳಲ್ಲಿ ಬರೆಸಿ, ಚೀಟಿಗಳನ್ನು ಒಂದು ಪೆಟ್ಟಿಗೆಯಲ್ಲಿ ಹಾಕಿಸಿ, ಧ್ವಜಸ್ತಂಭದ ಹತ್ತಿರ ಗುಂಡಿ ತೋಡಿಸಿ ಹೂಳಿಸಿದರು. ಅದು ಸ್ಪ್ಯಾನಿಷ್ ಭಾಷೆಯ ಶವಸಂಸ್ಕಾರ. ತಾಯಿ ಜೋಗುಳ ಹಾಡಿದ ಭಾಷೆಯನ್ನು ಮಕ್ಕಳ ಕೈಯಿಂದಲೇ ಮಣ್ಣು ಮಾಡಿಸಿದರು. ಐದು ದಶಕ ಕಳೆದ ಮೇಲೆ, ಮುಪ್ಪಿಗೆ ಕಾಲಿಟ್ಟ ಹಳೆಯ ವಿದ್ಯಾರ್ಥಿಗಳು ಅಲ್ಲಿ ಸೇರಿ ಒಂದು ಸ್ಪ್ಯಾನಿಷ್ ನಿಘಂಟನ್ನು ಮಣ್ಣಿನಿಂದ ಮೇಲೆತ್ತಿ ತಮ್ಮ ಭಾಷೆಯನ್ನು ಮರಳಿ ಪಡೆದರು. 2022ರಲ್ಲಿ ಆ ಶಾಲೆಯನ್ನು ರಾಷ್ಟ್ರೀಯ ಚಾರಿತ್ರಿಕ ತಾಣವನ್ನಾಗಿಸುವ ಕಾನೂನಿಗೆ ಅಧ್ಯಕ್ಷರ ಸಹಿ ಬಿತ್ತು.

1954 ಅಂಥ ಹಳೆಯ ಕಾಲವೇನಲ್ಲ. ಚೀಟಿ ಬರೆದ ಮಕ್ಕಳಲ್ಲಿ ಅನೇಕರು ಈಗಿನ ಅಜ್ಜಅಜ್ಜಿಯರು. ಏಟು ತಿಂದ ಎಷ್ಟೋ ಜನ ತಮ್ಮ ಮಕ್ಕಳಿಗೆ ಸ್ಪ್ಯಾನಿಷ್ ಕಲಿಸಲೇ ಇಲ್ಲ, ನಮಗೆ ಬಿದ್ದದ್ದು ಅವರಿಗೆ ಬೀಳದಿರಲಿ ಎಂದು. ಕ್ಯಾಲಿಫೋರ್ನಿಯಾ ತಾನು ಬೇರೆ ಎಂದು ಹೇಳಿಕೊಳ್ಳುವಂತಿಲ್ಲ. ಆರೆಂಜ್ ಕೌಂಟಿಯಲ್ಲಿ ಮೆಕ್ಸಿಕನ್ ಮಕ್ಕಳಿಗೆ ಬೇರೆ ಶಾಲೆ ಇಟ್ಟದ್ದನ್ನು ಮೆಂಡೆಸ್ ಕುಟುಂಬ ಮತ್ತು ಇತರರು ನ್ಯಾಯಾಲಯಕ್ಕೆ ಒಯ್ದು 1947ರಲ್ಲಿ ಗೆಲ್ಲಬೇಕಾಯಿತು. 1998ರಲ್ಲಿ ಇದೇ ರಾಜ್ಯದ ಮತದಾರರು ಶಾಲೆಗಳಲ್ಲಿ ದ್ವಿಭಾಷಾ ಬೋಧನೆಯನ್ನು ಹೆಚ್ಚುಕಡಿಮೆ ನಿಲ್ಲಿಸುವ ಕಾನೂನಿಗೆ ವೋಟು ಹಾಕಿದರು. ಅದನ್ನು ತೆಗೆದುಹಾಕಲು 2016ರವರೆಗೆ ಕಾಯಬೇಕಾಯಿತು. ಆ ಹದಿನೆಂಟು ವರ್ಷಗಳಲ್ಲಿ ಬದಲಾದದ್ದು ಏನು? ಬಡವರ ಮಕ್ಕಳ ಮನೆಮಾತಾಗಿದ್ದಾಗ ಸ್ಪ್ಯಾನಿಷ್ ಒಂದು ತೊಡಕಾಗಿ ಕಂಡಿತ್ತು. ಉಳ್ಳವರ ಮಕ್ಕಳು ಅದನ್ನು ಎರಡನೆಯ ಭಾಷೆಯಾಗಿ ಬಯಸಿದಾಗ ಆಸ್ತಿಯಾಗಿ ಕಂಡಿತು. ಒಂದು ಮಗುವಿನ ಬಾಯಲ್ಲಿ ಕೇಳಿದರೆ ಮೆಚ್ಚುಗೆ, ಇನ್ನೊಂದು ಮಗುವಿನ ಬಾಯಲ್ಲಿ ಕೇಳಿದರೆ, ಇದಕ್ಕೆ ಇಂಗ್ಲಿಷ್ ಯಾವಾಗ ಬರುತ್ತದೋ ಎಂಬ ಚಿಂತೆ. ಇದು ಅನ್ಯಾಯ. ಇದನ್ನು ಅನ್ಯಾಯವೆಂದು ಕರೆಯದೆ ಮಗುವಿಗೆ ಸ್ಪ್ಯಾನಿಷ್ ಕಲಿಸುವುದನ್ನು ನಾನು ಶಿಕ್ಷಣ ಎಂದು ಒಪ್ಪಲಾರೆ.

ಇಲ್ಲಿ ಒಂದು ಗಂಭೀರವಾದ ಆಕ್ಷೇಪ ಬರುತ್ತದೆ, ಅದಕ್ಕೆ ತಲೆಬಾಗಿಯೇ ಉತ್ತರಿಸಬೇಕು. ಮಾರ್ಫಾದ ಕಥೆಯನ್ನು ನಾಲ್ಕು ವರ್ಷದ ಮಗುವಿಗೆ ಹೇಳುತ್ತೀರಾ? ಹಬ್ಬ, ಹಾಡು, ಆಟಗಳ ವಯಸ್ಸಿನಲ್ಲಿ ಚರಿತ್ರೆಯ ಭಾರ ಹೊರಿಸುತ್ತೀರಾ? ಹೇಳುವುದಿಲ್ಲ, ಆ ವಯಸ್ಸಿಗೆ ಹೇಳುವುದಿಲ್ಲ. ಆದರೆ ಚಿಕ್ಕ ಮಕ್ಕಳು ದುಃಖವನ್ನು ತಾಳಲಾರರು ಎಂಬುದನ್ನು ಸ್ಪ್ಯಾನಿಷ್ ಪರಂಪರೆಯೇ ನಂಬಿಲ್ಲ. ಕಡಾಯಿಗೆ ಬಿದ್ದ ಪೆರೆಸ್‌ನನ್ನು ಪೋರ್ಟೊ ರಿಕೊದ ಅಜ್ಜಿ ಬದುಕಿಸಲಿಲ್ಲ. ಕ್ಯೂಬಾದ ಕವಿ ಹೋಸೆ ಮಾರ್ತಿ ದೇಶಭ್ರಷ್ಟನಾಗಿ ನ್ಯೂಯಾರ್ಕಿನಲ್ಲಿದ್ದಾಗ, 1889ರಲ್ಲಿ, ಲ್ಯಾಟಿನ್ ಅಮೆರಿಕದ ಮಕ್ಕಳಿಗಾಗಿ 'ಲಾ ಎದಾದ್ ದೆ ಓರೊ' ಎಂಬ ಪತ್ರಿಕೆ ತಂದ. ನಾಲ್ಕೇ ಸಂಚಿಕೆ ಬಂತು. ದೇವರ ಭಯದ ಬೋಧನೆ ಬೇಕೆಂದು ಪ್ರಕಾಶಕ ಹಠ ಹಿಡಿದಾಗ ಮಾರ್ತಿ ಒಪ್ಪದೆ ನಿಲ್ಲಿಸಿಬಿಟ್ಟ. ಆ ನಾಲ್ಕು ಸಂಚಿಕೆಗಳಲ್ಲಿ ಬೊಲಿವಾರ್, ಸಾನ್ ಮಾರ್ತಿನ್, ಹಿದಾಲ್ಗೊ ಎಂಬ ಮೂವರು ಸ್ವಾತಂತ್ರ್ಯವೀರರಿದ್ದಾರೆ. ಮೂಲನಿವಾಸಿಗಳ ಮೇಲೆ ಸ್ಪೇನಿನವರು ನಡೆಸಿದ ಹಿಂಸೆಯ ವಿರುದ್ಧ ದನಿಯೆತ್ತಿದ ಪಾದ್ರಿ ಲಾಸ್ ಕಾಸಾಸ್ ಇದ್ದಾರೆ. ವಿಯೆಟ್ನಾಂ ನಾಡಿನ ಪರಿಚಯವೂ ಇದೆ. ಆ ವಿಯೆಟ್ನಾಂ ಲೇಖನ ಶುರುವಾಗುವುದು ನಮಗೆಲ್ಲ ಗೊತ್ತಿರುವ ಒಂದು ಭಾರತೀಯ ಕಥೆಯಿಂದ: ಆನೆಯನ್ನು ಮುಟ್ಟಿ ನೋಡಿದ ಕುರುಡರ ಕಥೆ. ಮಕ್ಕಳಿಗೆ ಲೋಕವನ್ನು ಪೂರ್ತಿಯಾಗಿ ಕೊಡಬೇಕು ಎಂದು ನಂಬಿದವನ ಕೆಲಸ ಹಾಗಿರುತ್ತದೆ. ಏಳೆಂಟು ವರ್ಷದ ಮಗು ಮಾರ್ಫಾವನ್ನು ಚೆನ್ನಾಗಿ ಅರ್ಥಮಾಡಿಕೊಳ್ಳುತ್ತದೆ. ಯಾರಿಗಾದರೂ ಮಾತಾಡಿದ್ದಕ್ಕೆ ಹೊಡೆದರೆ ಅದು ತಪ್ಪು ಎಂದು ಹೇಳಲು ಮಗುವಿಗೆ ಪದವಿ ಬೇಕಿಲ್ಲ.

ಮೆಕ್ಸಿಕೊದಲ್ಲಿ ನವೆಂಬರ್ ಮೊದಲ ಎರಡು ದಿನ ಸತ್ತವರನ್ನು ಮನೆಗೆ ಕರೆಯುತ್ತಾರೆ. ಅವರ ಫೋಟೊ ಇಟ್ಟು, ಅವರಿಗೆ ಇಷ್ಟವಾಗಿದ್ದ ಅಡುಗೆ ಬಡಿಸಿ, ಸೆಂಪಾಸೂಚಿಲ್ ಹೂವಿನ ಎಸಳು ಚೆಲ್ಲಿ ದಾರಿ ಮಾಡುತ್ತಾರೆ. ಆ ಹೂವು ನಮ್ಮ ಚೆಂಡುಹೂವೇ. ದಸರೆಗೆ ನಮ್ಮ ಬಾಗಿಲ ತೋರಣವಾಗುವ ಚೆಂಡುಹೂವಿನ ತವರು ಮೆಕ್ಸಿಕೊ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವುದನ್ನು ಮನೆಯಲ್ಲಿ ನೋಡಿದ ಕನ್ನಡದ ಮಗುವಿಗೆ ಆ ಹಬ್ಬವನ್ನು ಯಾರೂ ವಿವರಿಸಬೇಕಾಗಿಲ್ಲ. ಕನ್ನಡ ಕಲ್ತು ಏನ್ ಮಾಡ್ಬೇಕು ಎಂದು ಕೇಳುವವರಿಗೆ ನಾನು ಹೇಳುವುದು ಇದನ್ನೇ. ಅಜ್ಜಿಯ ಬಾಯಿಂದ ಕಾಗಕ್ಕ ಗುಬ್ಬಕ್ಕನ ಕಥೆ ಕೇಳಿದ ಮಗು ಮಾರ್ತೀನಾಳನ್ನು ಬೇಗ ಹಚ್ಚಿಕೊಳ್ಳುತ್ತದೆ. ಮನೆಯ ಭಾಷೆಗೆ ಬೆಲೆಯಿಲ್ಲ ಎಂದು ಮನೆಯಲ್ಲೇ ಕಲಿತ ಮಗು ಪಕ್ಕದ ಹುಡುಗನ ಮನೆಯ ಭಾಷೆಗೆ ಯಾವ ಬೆಲೆ ಕೊಟ್ಟೀತು?

ನನ್ನ ವಾದದ ವಿರುದ್ಧ ಇನ್ನೂ ಒಂದು ಸತ್ಯವಿದೆ. ಸ್ಪ್ಯಾನಿಷ್ ಬರೀ ತುಳಿತಕ್ಕೊಳಗಾದ ಭಾಷೆಯಲ್ಲ, ತುಳಿದ ಭಾಷೆಯೂ ಹೌದು. ಕೊಲಂಬಸ್ ಹೊರಟ 1492ರಲ್ಲೇ ನೆಬ್ರೀಹಾ ಎಂಬ ವಿದ್ವಾಂಸ ಸ್ಪ್ಯಾನಿಷ್ ವ್ಯಾಕರಣ ಬರೆದು ರಾಣಿ ಇಸಾಬೆಲಾಗೆ ಅರ್ಪಿಸಿದ, ಭಾಷೆಯೂ ಸಾಮ್ರಾಜ್ಯವೂ ಜೊತೆಗೂಡಿ ನಡೆಯುತ್ತವೆ ಎಂದು ಸಾರಿಕೊಂಡೇ. ಪೆರುವಿನಲ್ಲಿ ಕೆಚುವಾ ಭಾಷೆಗೆ ಅಧಿಕೃತ ಮನ್ನಣೆ ಸಿಗಲು 1975 ಬರಬೇಕಾಯಿತು. ಇವತ್ತು ಕ್ಯಾಲಿಫೋರ್ನಿಯಾದ ಓಕ್ಲೆಂಡ್ ನಗರದಲ್ಲಿ ಗ್ವಾಟೆಮಾಲಾದಿಂದ ಬಂದ ಎಷ್ಟೋ ಮನೆಗಳಲ್ಲಿ ಆಡುವುದು ಮಾಮ್ ಎಂಬ ಮಾಯಾ ಭಾಷೆಯನ್ನು. ಅವರಿಗೆ ಸ್ಪ್ಯಾನಿಷ್ ಕೂಡ ಕಲಿತ ಮಾತು. ನಮ್ಮವರ ಮನೆಗಳಲ್ಲಿ ಮಗುವನ್ನು ನೋಡಿಕೊಳ್ಳುವ ನ್ಯಾನಿಗೆ, ಪಾಪುವಿನ ಹತ್ತಿರ ಸ್ಪ್ಯಾನಿಷ್‌ನಲ್ಲೇ ಮಾತಾಡಿ ಎಂದು ಹೇಳುವುದನ್ನು ಕೇಳಿದ್ದೇನೆ. ಆಕೆಯ ತಾಯಿಯ ಭಾಷೆ ಯಾವುದು, ಆಕೆಯ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ ಎಂದು ಯಾರಾದರೂ ವಿಚಾರಿಸಿದ್ದನ್ನು ನಾನು ಕೇಳಿಲ್ಲ. ಮಗು ಅದನ್ನು ಕೇಳಲಿ. ಆಕೆಯ ಊರಿನ ಹೆಸರು, ಆಕೆಯ ಅಮ್ಮ ಹೇಳುತ್ತಿದ್ದ ಕಥೆ ಅದಕ್ಕೆ ಗೊತ್ತಿರಲಿ. ಮಗುವಿನ ಮೊದಲ ಸ್ಪ್ಯಾನಿಷ್ ಪಾಠ ಅಲ್ಲಿಂದ ಶುರುವಾಗಬೇಕು.

ಇದನ್ನೆಲ್ಲ ಶಾಲೆಯೊಳಗೆ ಮಾಡಬಹುದೆಂದು 1963ರಲ್ಲೇ ಮಯಾಮಿಯ ಕೋರಲ್ ವೇ ಶಾಲೆ ತೋರಿಸಿತ್ತು. ಕ್ರಾಂತಿಯ ನಂತರ ಕ್ಯೂಬಾದಿಂದ ಬಂದ ಮಕ್ಕಳನ್ನೂ ಇಂಗ್ಲಿಷ್ ಮನೆಗಳ ಮಕ್ಕಳನ್ನೂ ಒಂದೇ ಶಾಲೆಯಲ್ಲಿ ಕೂಡಿಸಿ, ಅರ್ಧ ದಿನ ಒಂದು ಭಾಷೆ, ಅರ್ಧ ದಿನ ಇನ್ನೊಂದು ಭಾಷೆ ಎಂದು ಪಾಠ ಮಾಡಿದರು. ದೇಶ ಬಿಟ್ಟು ಬಂದಿದ್ದ ಕ್ಯೂಬಾದ ಶಿಕ್ಷಕಿಯರಿಗೆ ಅಲ್ಲಿ ಮತ್ತೆ ತಮ್ಮ ವೃತ್ತಿ ಸಿಕ್ಕಿತು. ಎರಡೂ ಕಡೆಯ ಮಕ್ಕಳು ದಿನದ ಅರ್ಧ ಹೊತ್ತು ಕಲಿಯುವವರು, ಅರ್ಧ ಹೊತ್ತು ಬಲ್ಲವರು.

ಆ ಮಾದರಿಯ ಶಾಲೆಗಳು ಇಂದು ಅಮೆರಿಕದ ತುಂಬ ಇವೆ. 1997ರಲ್ಲಿ ಗ್ವಾದಲೂಪೆ ವಾಲ್ದೆಸ್ ಎಂಬ ಭಾಷಾವಿದ್ವಾಂಸೆ ಇಂಥ ಶಾಲೆಗಳ ಬಗ್ಗೆಯೇ ಎಚ್ಚರಿಕೆ ಬರೆದರು. ಒಂದೇ ಕೋಣೆಯಲ್ಲಿ ಕೂಡಿಸಿದ ಮಾತ್ರಕ್ಕೆ ಮಕ್ಕಳು ಸಮಾನರಾಗುವುದಿಲ್ಲ. ಪಾಠದ ವೇಗ, ಪದಗಳ ಮಟ್ಟ, ಮೆಚ್ಚುಗೆ ಎಲ್ಲವೂ ಇಂಗ್ಲಿಷ್ ಮಕ್ಕಳ ಅನುಕೂಲಕ್ಕೆ ವಾಲಿದರೆ, ಸ್ಪ್ಯಾನಿಷ್ ಮಕ್ಕಳು ಅಲ್ಲಿ ಇನ್ನೊಬ್ಬರ ಕಲಿಕೆಯ ಸಾಧನವಾಗಿ ಉಳಿಯುತ್ತಾರೆ ಎಂದು. ಈ ಆಕ್ಷೇಪವನ್ನು ತಳ್ಳಿಹಾಕುವ ಉತ್ತರ ನನ್ನಲ್ಲಿಲ್ಲ. ಒಳ್ಳೆಯ ಶಾಲೆಯ ಹೆಸರು ಹಬ್ಬಿದೊಡನೆ ಆ ಬಡಾವಣೆಯ ಬಾಡಿಗೆ ಏರುತ್ತದೆ, ಸ್ಪ್ಯಾನಿಷ್ ಕುಟುಂಬಗಳು ದೂರ ಹೋಗುತ್ತವೆ, ಅವರಿಗೆಂದಿದ್ದ ಸೀಟುಗಳಿಗೆ ಅರ್ಜಿ ಹಾಕಿ ಸಾಲಿನಲ್ಲಿ ನಿಲ್ಲುವವರು ನಮ್ಮಂಥವರು. ಅದಕ್ಕೇ ಅರ್ಧ ಸೀಟುಗಳನ್ನು ಸ್ಪ್ಯಾನಿಷ್ ಮನೆಮಾತಿನ ಮಕ್ಕಳಿಗೆ ಕಾದಿಡಬೇಕು, ದೂರದಿಂದ ಬರುವವರಿಗೆ ಬಸ್ ಕೊಡಬೇಕು, ಶಿಕ್ಷಕರಲ್ಲಿ ಆ ಸಮುದಾಯದವರು ಇರಬೇಕು. ಇದನ್ನು ಶಾಲಾ ಮಂಡಳಿಯ ಸಂಜೆಯ ಸಭೆಯಲ್ಲಿ ಕೇಳಬೇಕಾದ ತಾಯಂದಿರಲ್ಲಿ ಅನೇಕರು ಆ ಹೊತ್ತಿಗೆ ಬೇರೆಯವರ ಮನೆಯಲ್ಲಿ ಬೇರೆಯವರ ಮಕ್ಕಳಿಗೆ ಊಟ ಮಾಡಿಸುತ್ತಿರುತ್ತಾರೆ. ಆ ಸಭೆಗೆ ಹೋಗಲು ನಮಗೆ ಬಿಡುವಿದೆ, ಮಾತಾಡಲು ಇಂಗ್ಲಿಷ್ ಇದೆ. ನಮ್ಮ ಮಗುವಿಗೆ ಸೀಟು ಕೇಳಲು ಹೋದ ದಿನವೇ ಅವರ ಮಕ್ಕಳ ಸೀಟನ್ನೂ ನಾವು ಎದ್ದುನಿಂತು ಕೇಳಬೇಕು, ಅದರಿಂದ ನಮ್ಮ ಮಗುವಿಗೆ ಸೀಟು ತಪ್ಪುವ ಹಾಗಿದ್ದರೂ ಕೇಳಬೇಕು.